ಎಲ್ಲವನ್ನೂ ಎಐ ಮಾಡುವಾಗ ಲೀಡರ್‌ಶಿಪ್ ಅಂತ ಕಲಿಯುವುದಕ್ಕೆ ಏನು ಉಳಿದಿದೆ?

ನೀವು ಕೇಳಿದ್ದು ಇಷ್ಟು: ಬಿ.ಕಾಂ. ಮುಗಿದಿದೆ, ಎಂಬಿಎ ಸೇರುವ ಯೋಚನೆ ಇದೆ. ಎಐ ಬಂದ ಮೇಲೆ ಸಾಫ್ಟ್ ಸ್ಕಿಲ್, ಲೀಡರ್‌ಶಿಪ್ ಇದ್ದವರಿಗೆ ಮಾತ್ರ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಹಾಗೆಂದರೆ ನಿಜವಾಗಿ ಏನು? ಅದು ಕಲಿತರೆ ಬರುತ್ತದಾ?

ನಾನು ಮ್ಯಾನೇಜ್‌ಮೆಂಟ್ ಓದಿದವನಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಈಗ ಸೆಕ್ರೆಟರಿ ಆಗಿದ್ದೇನೆ. ಬೆಳೆ ಸಾಲ, ಚಿನ್ನದ ಸಾಲ, ರಸಗೊಬ್ಬರ, ಪಿಗ್ಮಿ (ಮನೆ, ಅಂಗಡಿಗೆ ಹೋಗಿ ದಿನಾ ಕಟ್ಟಿಸಿಕೊಳ್ಳುವ ಸಣ್ಣ ಉಳಿತಾಯ) ಇವೇ ನಮ್ಮ ವ್ಯವಹಾರ. ಆದ್ದರಿಂದ ನನ್ನ ಉತ್ತರ ಕೌಂಟರಿನ ಈಚೆಯಿಂದ ಕಂಡಷ್ಟೇ.

ವರ್ಲ್ಡ್ ಇಕನಾಮಿಕ್ ಫೋರಂನ 2025ರ ಉದ್ಯೋಗ ವರದಿಯಲ್ಲಿ ಕಂಪನಿಗಳು ಬಯಸುವ ಕೌಶಲಗಳ ಪಟ್ಟಿ ಇದೆ. ವಿಶ್ಲೇಷಣಾ ಶಕ್ತಿಗೆ ಮೊದಲ ಸ್ಥಾನ, ನಾಯಕತ್ವಕ್ಕೆ ಮೂರನೆಯದು. ಪಟ್ಟಿ ಸರಿಯಾಗಿಯೇ ಇರಬಹುದು, ಆದರೆ ಅದನ್ನು ಓದಿದವರಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅದಲ್ಲದೆ ಕೋಚಿಂಗ್‌ನವರು ಸಾಫ್ಟ್ ಸ್ಕಿಲ್ ಅಂತ ಇಷ್ಟು ದಿನ ಮಾರಿದ್ದೇನು? ಒಳ್ಳೆ ಇಮೇಲ್ ಬರೆಯುವುದು, ಪ್ರೆಸೆಂಟೇಶನ್ ಮಾಡುವುದು, ನಯವಾದ ಇಂಗ್ಲಿಷ್. ಎಐ ಮೊದಲು ನುಂಗಿದ್ದೇ ಅದನ್ನು! ಉಳಿದದ್ದು ಎರಡೇ ಅಂತ ನನಗೆ ಕಾಣುತ್ತದೆ: ಎದುರಿಗಿರುವವರ ಹಕೀಕತ್ತು ತಿಳಿದಿರುವುದು, ಆಮೇಲೆ ತೀರ್ಮಾನದ ಕೆಳಗೆ ನಮ್ಮ ಸಹಿ ಹಾಕಿ ಅದಕ್ಕೆ ಜವಾಬು ಹೇಳುವುದು.

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ನಡೆದದ್ದನ್ನು ಹೇಳುತ್ತೇನೆ. ಬಾಕಿದಾರರಿಗೆ ನೋಟೀಸ್ ತಯಾರಿಸುವ ಕೆಲಸವನ್ನು ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟಿದ್ದೆ. ಹಿಂದೆಲ್ಲ ಅದಕ್ಕೆ ಎರಡು ದಿನ ಬೇಕಿತ್ತು. ಮಲಯಾಳದಲ್ಲಿ ಒಂದು, ಕನ್ನಡದಲ್ಲಿ ಒಂದು, ಮನೆ ಹೆಸರು ತಪ್ಪಬಾರದು. ಅವಳು ಒಕ್ಕಣೆಯನ್ನು ಎಐ ಹತ್ತಿರ ಬರೆಸಿ, ಹೆಸರು ಮತ್ತು ಖಾತೆ ನಂಬರುಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಸೇರಿಸಿ (ಅವನ್ನು ಹೊರಗೆ ಎಲ್ಲೂ ಹಾಕಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು) ಊಟಕ್ಕೆ ಏಳುವ ಮೊದಲೇ ಇಡೀ ಕಟ್ಟನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು. ಓದಿದೆ. ಒಂದು ಅಕ್ಷರ ತಪ್ಪಿಲ್ಲ, ನಾನು ಬರೆಯುತ್ತಿದ್ದದ್ದಕ್ಕಿಂತ ಚೆನ್ನಾಗಿದೆ. ನಾನು ಕೇಳಿದ್ದು ಬೇರೆ: "ಇವರಲ್ಲಿ ನೋಟೀಸ್ ಹೋದರೂ ಕೊಡಲಿಕ್ಕೆ ಆಗದವರು ಯಾರು, ಒಂದು ಫೋನ್ ಮಾಡಿದರೆ ನಾಳೆಯೇ ಬರುವವರು ಯಾರು?"

ಅವಳಿಗೆ ಗೊತ್ತಿರಲಿಲ್ಲ, ಗೊತ್ತಿರುವುದಕ್ಕೆ ಸಾಧ್ಯವೂ ಇರಲಿಲ್ಲ. ನಮ್ಮ ಪಿಗ್ಮಿ ಕಲೆಕ್ಟರನ್ನು ಕರೆದೆ. ಅವರು ಓದಿದ್ದು ಹತ್ತನೇ ಕ್ಲಾಸು. ಪಟ್ಟಿಯ ಮೇಲೆ ಬೆರಳಿಟ್ಟು ಹೇಳುತ್ತಾ ಹೋದರು. ಇವರ ಅಡಿಕೆಗೆ ಕೊಳೆರೋಗ ಬಂದು ಮರದ ಬುಡದಲ್ಲಿ ನಳ್ಳಿ (ಎಳೆ ಅಡಿಕೆ) ಹಾಸಿದ ಹಾಗೆ ಬಿದ್ದಿದೆ, ಮದ್ದು ಬಿಡುವವರು (ಸಿಂಪಡಿಸುವವರು) ಸಮಯಕ್ಕೆ ಸಿಗಲಿಲ್ಲ. ಇವರ ಅಟ್ಟದಲ್ಲಿ ಹೋದ ವರ್ಷದ ಅಡಿಕೆ ಹಾಗೇ ಇದೆ, ಧಾರಣೆ ಏರಲಿ ಅಂತ ಕೂತಿದ್ದಾರೆ. ಇವರ ಮಗ ದುಬಾಯಿಯಿಂದ ಕೆಲಸ ಬಿಟ್ಟು ಬಂದಿದ್ದಾನೆ, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಸಾಫ್ಟ್‌ವೇರಿನಲ್ಲಿ ಈ ಮೂವರೂ ಒಂದೇ: ಕಂತು ಬಾಕಿ, ಕೆಂಪು ಬಣ್ಣ.

ಆಮೇಲೆ ಮೊದಲ ಫೋನನ್ನು ಅವಳ ಕೈಯಲ್ಲೇ ಮಾಡಿಸಿದೆ. ಅವಳು ಶುರು ಮಾಡಿದ್ದು "ನಿಮ್ಮ ಸಾಲದ ಕಂತು..." ಅಂತ. ಆಚೆಯಿಂದ ಸದ್ದೇ ಇಲ್ಲ. ಮುಂದಿನ ಫೋನನ್ನು ಕಲೆಕ್ಟರ್ ಮಾಡಿದರು. ತುಳುವಿನಲ್ಲಿ ಶುರು: ಎರಡನೇ ಸಲದ ಮದ್ದು ಬಿಟ್ಟಾಯಿತಾ, ಮಳೆ ಬಿಟ್ಟು ಹೊಳವಾಯಿತಾ, ಅಮ್ಮನ ಮಂಡಿ ನೋವು ಹೇಗಿದೆ. ಹಣದ ಮಾತು ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಅದೂ ಆಚೆಯವರ ಬಾಯಿಂದಲೇ. "ನಿಮ್ಮದು ಒಂದು ಬಾಕಿ ಉಂಟಲ್ಲ, ಹದಿನೈದು ದಿವಸ ಕೊಡಿ" ಅಂದರು. ಇದನ್ನು ಬರೀ ಒಳ್ಳೆ ಮಾತುಗಾರಿಕೆ ಅಂದುಕೊಳ್ಳಬೇಡಿ. ಮದ್ದು ಬಿಡುವ ಖರ್ಚು ಯಾವ ತಿಂಗಳಲ್ಲಿ ಬೀಳುತ್ತದೆ, ಅಡಿಕೆ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವ ಲೆಕ್ಕ ಅದರೊಳಗೆ ಇದೆ.

ಇಲ್ಲಿ ನನಗೆ ಚಿಂತೆ ಆಗುವ ಒಂದು ವಿಷಯ ಉಂಟು. ಅಮೆರಿಕದ ಒಂದು ಕಂಪನಿಗೆ ಕಸ್ಟಮರ್ ಸಪೋರ್ಟ್ ಕೆಲಸ ಮಾಡುವ 5,179 ಮಂದಿಯ ಮೇಲೆ ಸಂಶೋಧಕರು ಒಂದು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದರು. ಎಐ ಸಹಾಯ ಕೊಟ್ಟಾಗ ಗಂಟೆಗೆ ಬಗೆಹರಿಯುವ ದೂರುಗಳು ಸರಾಸರಿ 14 ಶೇಕಡಾ ಹೆಚ್ಚಿದವು. ಹೊಸಬರಲ್ಲಿ ಮಾತ್ರ 34 ಶೇಕಡಾ, ಪಳಗಿದವರಿಗೆ ಹೆಚ್ಚೇನೂ ಲಾಭ ಆಗಲಿಲ್ಲ. ಯಾಕೆಂದರೆ ಆ ಎಐ ಕಲಿತದ್ದೇ ಅಲ್ಲಿನ ನುರಿತವರ ಮಾತುಕತೆಗಳಿಂದ. ಹೊಸಬರಿಗೆ ಇದು ಒಳ್ಳೆಯದೇ. ಆದರೆ ನಮ್ಮ ಹುಡುಗಿ ಪಟ್ಟಿಯನ್ನು ಕೈಯಲ್ಲಿ ಬರೆಯದೆ, ಹೆಸರು ಹೆಸರಿಗೆ ನಿಂತು "ಇವರು ಯಾರು" ಅಂತ ಕೇಳದೆ ಹತ್ತು ವರ್ಷ ಕಳೆದರೆ, ಕಲೆಕ್ಟರ್ ರಿಟೈರ್ ಆದ ದಿನ ನಾವು ಯಾರನ್ನು ಕೇಳುವುದು? ಬೇಜಾರಿನ ಕೆಲಸ ಅಂತ ಎಐಗೆ ಕೊಟ್ಟು ಬಿಡುತ್ತೇವಲ್ಲ, ಊರು ಗೊತ್ತಾಗುತ್ತಿದ್ದದ್ದು ಅದೇ ಕೆಲಸದಲ್ಲಿ. ಈಗಿನ ಲೀಡರ್‌ಗೆ ಹೊಸದಾಗಿ ಬಂದಿರುವ ಹೊಣೆ ಇದು ಅಂತ ನಾನು ತಿಳಿದಿದ್ದೇನೆ: ಕೈಕೆಳಗಿನವರಿಗೆ ಕಲಿಯುವ ದಾರಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳುವುದು. ನಮ್ಮಲ್ಲಿ ಈಗ ಪಟ್ಟಿ ಬಂದರೆ ಮೊದಲು ಅವಳ ಅಂದಾಜು, ಆಮೇಲೆ ಕಲೆಕ್ಟರ್ ಜೊತೆ ಕೂತು ಮಾತು, ಕೊನೆಗೆ ಎಐ. ಸ್ವಲ್ಪ ತಡ ಆಗುತ್ತದೆ, ಆಗಲಿ.

ಎರಡನೆಯದು ಸಹಿ. ಏರ್ ಕೆನಡಾದ ವೆಬ್‌ಸೈಟಿನಲ್ಲಿದ್ದ ಚಾಟ್‌ಬಾಟ್ ಅಜ್ಜಿ ತೀರಿಹೋದ ಪ್ರಯಾಣಿಕರೊಬ್ಬರಿಗೆ, ಟಿಕೆಟ್ ತೆಗೆದ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಅಂತ ತಪ್ಪು ಹೇಳಿತು. ಜಗಳ ಕಟ್ಟೆ ಏರಿದಾಗ ಕಂಪನಿಯ ವಾದ ಏನು ಗೊತ್ತಾ? ಚಾಟ್‌ಬಾಟ್ ಮಾಡಿದ್ದಕ್ಕೆ ಚಾಟ್‌ಬಾಟೇ ಹೊಣೆ, ನಾವಲ್ಲ! 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ 650 ಡಾಲರ್ ಚಿಲ್ಲರೆ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು, ಆದರೆ "ಕಂಪ್ಯೂಟರ್ ಹೇಳಿತು" ಅನ್ನುವ ನೆಪ ನಡೆಯುವುದಿಲ್ಲ ಅಂತ ಆಯಿತು. ನಮ್ಮ ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಎಐ ನೀತಿ ಹೊರಡಿಸಿತು, ಕಾಸರಗೋಡಿನ ಕೋರ್ಟುಗಳಿಗೂ ಅದೇ. ತೀರ್ಪಿಗೆ ಬರುವುದಕ್ಕೆ ಎಐ ಬಳಸುವ ಹಾಗಿಲ್ಲ, ಎಐ ಮಾಡಿದ ಅನುವಾದವನ್ನೂ ಬಲ್ಲವರು ಪರಿಶೀಲಿಸಬೇಕು.

ನಮ್ಮಂಥ ಸಣ್ಣ ಕಡೆ ಈ ಜವಾಬು ಹೇಗಿರುತ್ತದೆ ಅಂದರೆ, ನೋಟೀಸ್ ಹೋಗುತ್ತದೆ ಅಂತ ಸುದ್ದಿ ಆದ ಸಂಜೆಯೇ ಯಾರದ್ದಾದರೂ ಫೋನ್ ಬರುತ್ತದೆ. "ಅವ ನಮ್ಮವ, ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೆ." ಎಐಗೆ ಅಂಥ ಫೋನ್ ಬರುವುದಿಲ್ಲ. ಕೊಳೆರೋಗದವರಿಗೆ ಅವಧಿ ಕೊಡಿಸುವುದಕ್ಕೆ ಆಡಳಿತ ಮಂಡಳಿಯ ಎದುರು ವಾದಿಸಬೇಕು, ಅಟ್ಟದಲ್ಲಿ ಅಡಿಕೆ ಇಟ್ಟವರಿಗೆ ನೋಟೀಸ್ ಕಳಿಸಿ ಮರುದಿನ ಪೇಟೆಯಲ್ಲಿ ಅವರ ಮುಖ ನೋಡಬೇಕು. ಇಬ್ಬರಿಗೆ ಎರಡು ರೀತಿ ಯಾಕೆ ಅಂತ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವವರಿಗೆ ಉತ್ತರ ಇರಬೇಕು.

ಎಐ ಮಾತನ್ನು ಎಲ್ಲಿ ನಂಬಬಾರದು ಅಂತ ಗೊತ್ತಿರುವುದೂ ಇದಕ್ಕೇ ಸೇರಿದ್ದು. 2023ರಲ್ಲಿ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪಿನ 758 ಕನ್ಸಲ್ಟೆಂಟರ ಮೇಲೆ ನಡೆದ ಪ್ರಯೋಗದಲ್ಲಿ, ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರೇ ಮುಂದೆ. ಒಗ್ಗದ ಹಾಗೆ ಬೇಕೆಂದೇ ಆರಿಸಿದ ಒಂದು ಕೆಲಸದಲ್ಲಿ ಮಾತ್ರ, ಬಳಸಿದವರ ಸರಿಯುತ್ತರ ಬಳಸದವರಿಗಿಂತ 19 ಶೇಕಡಾ ಅಂಶ ಕಡಿಮೆ ಬಂತು. ಓದಿದವರು, ಬುದ್ಧಿವಂತರು. ಆದರೂ ನಯವಾಗಿ ಬರೆದದ್ದನ್ನು ಕಂಡು ನಂಬಿದರು.

ಕಲಿತರೆ ಬರುತ್ತದಾ ಅಂತ ಕೇಳಿದ್ದೀರಲ್ಲ, ನೀವು ಈ ಕಡೆಯವರಾದರೆ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಸಂಧಾನದ ಕೃಷ್ಣನಿಗೆ ಬೇಕಾದ ವಾದವನ್ನೆಲ್ಲ ಇವತ್ತು ಎಐ ಬರೆದು ಕೊಡಬಹುದು. ಆದರೆ ಎದುರು ಕೂತ ಕೌರವ ಆ ದಿನ ಯಾವ ದಾರಿ ಹಿಡಿಯುತ್ತಾನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅವನ ಮಾತು ಪೂರ್ತಿ ಕೇಳಿದವನಿಗೆ ಮಾತ್ರ ಉತ್ತರ ಹೊಳೆಯುತ್ತದೆ, ಅವನನ್ನು ಬಾಯಿ ಮುಚ್ಚಿಸಿದರೆ ಪ್ರಸಂಗವೇ ನಿಂತುಹೋಗುತ್ತದೆ. ದೊಡ್ಡ ಅರ್ಥಧಾರಿಗಳೂ (ಪಾತ್ರದ ಮಾತು ಆಡುವವರು) ಸಣ್ಣ ಪಾತ್ರಗಳಲ್ಲಿ ಕೂತು, ಹಿರಿಯರ ಮಾತಿಗೆ ಕಿವಿಗೊಟ್ಟು ಬೆಳೆದವರೇ. ಹಾಗಾಗಿ ಬರುತ್ತದೆ, ಆದರೆ ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಂಡು ಬರುವುದು ಕಷ್ಟ.

ಎಂಬಿಎ ಬೇಡ ಅಂತ ನಾನು ಹೇಳುವುದಿಲ್ಲ. ಬ್ಯಾಲೆನ್ಸ್ ಶೀಟ್ ಓದಲಿಕ್ಕೆ ಬಂದರೆ ಎಲ್ಲಿಯೂ ನಷ್ಟ ಇಲ್ಲ, ಎಐ ಬಳಸುವುದನ್ನೂ ಚೆನ್ನಾಗಿ ಕಲಿಯಿರಿ. ಆದರೆ ಇಂಟರ್ನ್‌ಶಿಪ್‌ಗೆ ಎಸಿ ಆಫೀಸು ಹುಡುಕುವ ಬದಲು ಜನ ನೇರ ಬಂದು ಜಗಳ ಮಾಡುವ ಜಾಗ ಹುಡುಕಿ: ಸೊಸೈಟಿ, ಅಕ್ಷಯ ಕೇಂದ್ರ (ಕೇರಳದಲ್ಲಿ ಸರ್ಕಾರದ ಅರ್ಜಿ ಕೆಲಸ ಆನ್‌ಲೈನ್‌ನಲ್ಲಿ ಮಾಡಿಕೊಡುವ ಜಾಗ), ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್. ಮಲಯಾಳ ಓದಲಿಕ್ಕೆ ಬಾರದಿದ್ದರೆ ಅದನ್ನೂ ಕಲಿತುಬಿಡಿ, ಇಲ್ಲಿ ಸರ್ಕಾರದ ಕಾಗದ ಹೆಚ್ಚಿನದೂ ಅದರಲ್ಲೇ ಬರುವುದು. ಮಾರ್ಚ್ ತಿಂಗಳಲ್ಲಿ ವಸೂಲಿಯ ಗಡಿಬಿಡಿ ಇರುವಾಗ ಯಾವುದಾದರೂ ಸೊಸೈಟಿಗೆ ಹೋಗಿ "ಸಂಬಳ ಬೇಡ, ಕೆಲಸ ಕೊಡಿ" ಅಂದರೆ ಬೇಡ ಅನ್ನುವವರು ಕಡಿಮೆ.