ಮಾಯದ ಬಾಯಿಹುಣ್ಣು, ಮೈಮೇಲೆ ಗುಳ್ಳೆ: ಪೆಂಫಿಗಸ್ ಶಂಕೆಯಿದ್ದಾಗ ಎರಡು ಕಡೆ ಬಯಾಪ್ಸಿ ಏಕೆ?

ನಿಮ್ಮ ಪ್ರಶ್ನೆಯ ಸಾರಾಂಶ ಹೀಗಿದೆ: ತಾಯಿಯವರಿಗೆ 48 ವರ್ಷ. ಐದು ತಿಂಗಳಿಂದ ಬಾಯಿಯಲ್ಲಿ ಹುಣ್ಣು. ಉಷ್ಣವಾಗಿರಬೇಕೆಂದು ಎಳನೀರು, ಮಜ್ಜಿಗೆ, ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್ ಎಲ್ಲವೂ ಆಗಿದೆ. ಮೂರು ವಾರಗಳಿಂದ ಎದೆ ಮತ್ತು ಬೆನ್ನಿನ ಮೇಲೆ ನೀರುಗುಳ್ಳೆಗಳೆದ್ದು, ಒಡೆದು, ಹಸಿ ಗಾಯಗಳಾಗಿ ಉಳಿದಿವೆ. ಚರ್ಮರೋಗ ತಜ್ಞರು ಗುಳ್ಳೆ ಏಳುವ ಪೆಂಫಿಗಸ್ ಎಂಬ ಕಾಯಿಲೆ ಇರಬಹುದೆಂದು ಶಂಕಿಸಿ, ಎರಡು ಕಡೆಯಿಂದ ಚರ್ಮದ ಚೂರು ತೆಗೆಯಬೇಕೆಂದಿದ್ದಾರೆ. ಒಂದು ಚೂರು ಏಕೆ ಸಾಲದು, ಸ್ಟೀರಾಯ್ಡ್ ಇಲ್ಲದೆ ಗುಣಪಡಿಸಲು ಆಗದೇ, ಮುಂದೆ ಇದು ಮಕ್ಕಳಿಗೂ ಬರುತ್ತದೆಯೇ ಎಂದು ನೀವು ಕೇಳಿದ್ದೀರಿ.

ನಾನು ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗುಳ್ಳೆ ಏಳುವ ಕಾಯಿಲೆಗಳ ರೋಗಿಗಳನ್ನು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಎರಡೂ ಚೂರುಗಳನ್ನು ತೆಗೆಸಿ, ಆದಷ್ಟೂ ಈ ವಾರವೇ ತೆಗೆಸಿ ಎಂಬುದು ನನ್ನ ನೇರ ಉತ್ತರ. ತಾಯಿಯವರನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಅವರಿಗೆ ಇಂಥದೇ ರೋಗವೆಂದು ಹೇಳಲಾರೆ. ಆದರೆ ನಿಮ್ಮ ವೈದ್ಯರು ಯಾವ ದಾರಿಯಲ್ಲಿ ಯೋಚಿಸುತ್ತಿದ್ದಾರೆ ಎಂಬುದನ್ನು ವಿವರಿಸಬಲ್ಲೆ.

ಮೊದಲು ಬಾಯಿಹುಣ್ಣಿನ ವಿಷಯ. ನಮ್ಮೆಲ್ಲರಿಗೂ ಆಗಾಗ ಬರುವ ಸಾಮಾನ್ಯ ಬಾಯಿಹುಣ್ಣು ದುಂಡಗೆ, ಸುತ್ತ ಕೆಂಪು ಅಂಚಿನೊಂದಿಗೆ, ತಳದಲ್ಲಿ ಹಳದಿ ಪೊರೆಯೊಂದಿಗೆ ಕಾಣುತ್ತದೆ. ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಪೆಂಫಿಗಸ್‌ನ ಹುಣ್ಣಿಗೆ ನಿಶ್ಚಿತ ಆಕಾರವಿರುವುದಿಲ್ಲ. ಕೆನ್ನೆಯ ಒಳಬದಿ, ಅಂಗಳು, ಒಸಡುಗಳಲ್ಲಿ ಸಿಪ್ಪೆ ಸುಲಿದಂತೆ ಹಸಿಯಾಗಿ ಹರಡಿರುತ್ತದೆ, ಮತ್ತು ಹಳೆಯದು ಮಾಯುವ ಮೊದಲೇ ಹೊಸದು ಏಳುತ್ತದೆ. ಬಾಯೊಳಗಿನ ಗುಳ್ಳೆ ಎದ್ದ ಕೆಲವೇ ಹೊತ್ತಿನಲ್ಲಿ ಒಡೆದುಹೋಗುವುದರಿಂದ ರೋಗಿ ತನಗೆ ಗುಳ್ಳೆ ಎದ್ದಿತ್ತೆಂದು ಹೇಳುವುದೇ ಅಪರೂಪ. ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಪ್ರಕಾರದಲ್ಲಿ ಬಹುಪಾಲು ಮಂದಿಗೆ ರೋಗ ಬಾಯಿಯಲ್ಲೇ ಶುರುವಾಗಿ, ವಾರಗಳ ಅಥವಾ ತಿಂಗಳುಗಳ ನಂತರ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ರೋಗಿ ಔಷಧದಂಗಡಿ, ಮನೆ ವೈದ್ಯರು, ದಂತವೈದ್ಯರು ಎಂದು ಸುತ್ತುತ್ತಿರುತ್ತಾರೆ. ಬಾಯಿಯ ಹುಣ್ಣಿಗೆ ಚರ್ಮದ ವೈದ್ಯರ ಬಳಿ ಹೋಗಬೇಕೆಂದು ಯಾರಿಗೂ ತೋಚುವುದಿಲ್ಲ. ಆದ್ದರಿಂದ ಐದು ತಿಂಗಳು ತಡವಾಯಿತೆಂದು ನೀವು ನಿಮ್ಮನ್ನು ದೂಷಿಸಿಕೊಳ್ಳಬೇಡಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು ಯಾವುದೇ ಇರಲಿ, ವೈದ್ಯರು ಅದನ್ನು ನೋಡಲೇಬೇಕು. ಎಲೆಅಡಿಕೆ, ಗುಟ್ಕಾ, ತಂಬಾಕಿನ ಅಭ್ಯಾಸ ಇರುವವರಲ್ಲಿ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೂ ಇದು ಅಗತ್ಯ.

ಪೆಂಫಿಗಸ್‌ನಲ್ಲಿ ಆಗುವುದು ಇದು. ಚರ್ಮದ ಮೇಲ್ಪದರದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನುಗಳಿವೆ. ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಈ ಪ್ರೋಟೀನುಗಳ ಮೇಲೆಯೇ ದಾಳಿ ಮಾಡುತ್ತವೆ. ಆಗ ಕೋಶಗಳ ನಡುವಿನ ಹಿಡಿತ ತಪ್ಪಿ, ಆ ಜಾಗದಲ್ಲಿ ನೀರು ತುಂಬಿ ಗುಳ್ಳೆಯಾಗುತ್ತದೆ. ಗುಳ್ಳೆಯ ಮೇಲ್ಪೊರೆ ತೀರಾ ತೆಳುವಾದ್ದರಿಂದ ಅದು ಜೋತಾಡುವಂತೆ ಸಡಿಲವಾಗಿದ್ದು ಬೇಗ ಒಡೆಯುತ್ತದೆ. ಗುಳ್ಳೆಯ ಪಕ್ಕದ ಚರ್ಮವನ್ನು ವೈದ್ಯರು ಹೆಬ್ಬೆರಳಿನಿಂದ ಒತ್ತಿ ಸರಿಸಿದಾಗ ಮೇಲ್ಪದರ ಜಾರಿ ಕಳಚಿಕೊಂಡರೆ ಅದನ್ನು ನಿಕೊಲ್‌ಸ್ಕಿ ಚಿಹ್ನೆ ಎನ್ನುತ್ತೇವೆ. ನಿಮ್ಮ ತಾಯಿಯವರಿಗೂ ಹೀಗೆ ಒತ್ತಿ ನೋಡಿರಬಹುದು.

ಗುಳ್ಳೆ ಏಳುವ ಕಾಯಿಲೆಗಳೆಲ್ಲ ಪೆಂಫಿಗಸ್ ಅಲ್ಲ. ಬುಲ್ಲಸ್ ಪೆಂಫಿಗಾಯ್ಡ್ ಎಂಬುದು ಹೆಚ್ಚಾಗಿ ವಯಸ್ಸಾದವರಲ್ಲಿ ತುರಿಕೆಯೊಂದಿಗೆ ಬರುತ್ತದೆ. ಅದರ ಗುಳ್ಳೆಗಳು ಬಿಗಿಯಾಗಿರುತ್ತವೆ, ಬಾಯಿಗೆ ಬರುವುದು ಕಡಿಮೆ. 1953ರಲ್ಲಿ ವಾಲ್ಟರ್ ಲೀವರ್ ಈ ಎರಡನ್ನೂ ಬೇರೆ ಬೇರೆ ರೋಗಗಳೆಂದು ಸ್ಪಷ್ಟಪಡಿಸುವವರೆಗೆ ಒಂದೇ ಹೆಸರಿನಡಿ ಇವನ್ನು ಸೇರಿಸಲಾಗುತ್ತಿತ್ತು. ಇವೆರಡರ ಚಿಕಿತ್ಸೆಯ ತೀವ್ರತೆ ಬೇರೆ, ಮುಂದಿನ ಹಾದಿಯೂ ಬೇರೆ. ಇನ್ನು ಸರ್ಪಸುತ್ತು ವೈರಸ್‌ನಿಂದ ಬರುವಂಥದ್ದು. ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿಯೊಂದಿಗೆ ಏಳುತ್ತದೆ. ಪೆಂಫಿಗಸ್ ಅನ್ನು ಸರ್ಪಸುತ್ತೆಂದು ಭಾವಿಸಿ ಹಸಿ ಗಾಯದ ಮೇಲೆ ಕೆಮ್ಮಣ್ಣು ಹಚ್ಚಿಕೊಂಡು ಬರುವವರನ್ನು ನೋಡಿದ್ದೇನೆ. ಅವರಿಗೆ ಹರಕೆ, ಪೂಜೆಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಗಾಯಕ್ಕೆ ಮಣ್ಣು, ಸೊಪ್ಪಿನ ರಸ, ಬೂದಿ ತಾಗಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ, ಏಕೆಂದರೆ ಈ ರೋಗದಲ್ಲಿ ಜೀವಕ್ಕೆ ಎರವಾಗುವುದು ಬಹುತೇಕ ಸೋಂಕೇ.

ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಝ್ಯಾಂಕ್ ಸ್ಮಿಯರ್. ಹೊಸ ಗುಳ್ಳೆಯೊಂದರ ಮೇಲ್ಪೊರೆಯನ್ನು ಬ್ಲೇಡಿನಿಂದ ಬಿಡಿಸಿ, ನೀರನ್ನು ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆದು, ತಳವನ್ನು ರಕ್ತ ಬಾರದಂತೆ ಹಗುರವಾಗಿ ಕೆರೆದು, ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಗಾಳಿಗೆ ಒಣಗಿಸಿ, ಜೀಮ್ಸಾ ಬಣ್ಣ ಹಾಕುತ್ತೇವೆ. ಸೂಕ್ಷ್ಮದರ್ಶಕದಲ್ಲಿ, ನೆರೆಯ ಕೋಶಗಳ ಹಿಡಿತ ಕಳಚಿ ದುಂಡಗಾದ, ದೊಡ್ಡ ಕೋಶಕೇಂದ್ರವುಳ್ಳ ಬಿಡಿಬಿಡಿ ಕೋಶಗಳು ಕಂಡರೆ ಪೆಂಫಿಗಸ್‌ನ ಶಂಕೆ ಬಲವಾಗುತ್ತದೆ. ಹಲವು ಕೋಶಕೇಂದ್ರಗಳಿರುವ ದೈತ್ಯ ಕೋಶಗಳು ಕಂಡರೆ ಹರ್ಪಿಸ್ ಗುಂಪಿನ ವೈರಸ್ ಎಂದು ತಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ, ಖರ್ಚೇ ಇಲ್ಲವೆನ್ನಬಹುದಾದ ಪರೀಕ್ಷೆ ಇದು. ಆದರೆ ಇದು ಸುಳಿವು ಕೊಡುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ.

ತೀರ್ಪು ಕೊಡುವುದು ನೀವು ಕೇಳಿದ ಆ ಎರಡು ಚೂರುಗಳು. ಮೊದಲನೆಯದನ್ನು ಹೊಸದಾಗಿ ಎದ್ದ ಸಣ್ಣ ಗುಳ್ಳೆಯ ಅಂಚಿನಿಂದ ತೆಗೆದು, ಚೂರು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ಕಳುಹಿಸುತ್ತಾರೆ. ಚರ್ಮ ಯಾವ ಪದರದಲ್ಲಿ ಸೀಳಿದೆ ಎಂಬುದನ್ನು ಅದು ಹೇಳುತ್ತದೆ: ಪೆಂಫಿಗಸ್ ವಲ್ಗ್ಯಾರಿಸ್‌ನಲ್ಲಿ ಸೀಳು ಮೇಲ್ಚರ್ಮದ ಕಟ್ಟಕಡೆಯ ಕೋಶಗಳ ಸಾಲಿನ ಸ್ವಲ್ಪ ಮೇಲೆ, ಪೆಂಫಿಗಾಯ್ಡ್‌ನಲ್ಲಿ ಇಡೀ ಮೇಲ್ಚರ್ಮದ ಕೆಳಗೆ. ಎರಡನೆಯ ಚೂರನ್ನು ಗುಳ್ಳೆಯ ಪಕ್ಕದ, ನೋಡಲು ಆರೋಗ್ಯವಾಗಿಯೇ ಇರುವ ಚರ್ಮದಿಂದ ತೆಗೆಯುತ್ತಾರೆ. ಒಳ್ಳೆಯ ಚರ್ಮವನ್ನು ಏಕೆ ಕತ್ತರಿಸುತ್ತೀರಿ ಎಂದು ಮನೆಯವರು ಇಲ್ಲಿಯೇ ತಕರಾರು ತೆಗೆಯುವುದು. ಚರ್ಮದಲ್ಲಿ ಕುಳಿತಿರುವ ಪ್ರತಿಕಾಯಗಳನ್ನೇ ಹುಡುಕುವ ಪರೀಕ್ಷೆ ಇದಾದ್ದರಿಂದ, ಒಡೆದ ಗುಳ್ಳೆಯಲ್ಲಿ ಅವು ನಾಶವಾಗಿರುವ ಸಾಧ್ಯತೆಯಿರುತ್ತದೆ. ಪಕ್ಕದ ಚರ್ಮದಲ್ಲಿ ಹಾಗೆಯೇ ಉಳಿದಿರುತ್ತವೆ. ಈ ಚೂರನ್ನು ಫಾರ್ಮಲಿನ್‌ಗೆ ಹಾಕಿದರೆ ಪರೀಕ್ಷೆ ಕೆಟ್ಟಂತೆಯೇ. ಅದಕ್ಕೆಂದೇ ಇರುವ ಮಿಶೆಲ್ ದ್ರಾವಣದಲ್ಲಿ ಇಟ್ಟು ಕಳುಹಿಸಬೇಕು. ಹೊಳೆಯುವ ಬಣ್ಣ ಕಟ್ಟಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪೆಂಫಿಗಸ್ ಇದ್ದರೆ ಕೋಶಕೋಶಗಳ ನಡುವೆ ಹಸಿರು ಗೆರೆಗಳು ಮೀನಿನ ಬಲೆಯಂತೆ ಹರಡಿಕೊಂಡಿರುತ್ತವೆ. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಇಂಥ ಪ್ರತಿಕಾಯಗಳಿವೆಯೆಂದು ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ 1964ರಲ್ಲಿ ತೋರಿಸಿದ್ದರಿಂದಲೇ ಇದು ಸ್ವಯಂನಿರೋಧಕ ರೋಗ, ಅಂದರೆ ದೇಹ ತನ್ನ ಮೇಲೆಯೇ ದಾಳಿ ಮಾಡುವ ರೋಗ, ಎಂದು ತಿಳಿದದ್ದು. ಈಗ ರಕ್ತದಲ್ಲಿ ಡೆಸ್ಮೊಗ್ಲೀನ್ 1 ಮತ್ತು 3ರ ವಿರುದ್ಧದ ಪ್ರತಿಕಾಯಗಳ ಪ್ರಮಾಣವನ್ನು ಎಲೈಸಾ ಪರೀಕ್ಷೆಯಿಂದ ಅಳೆಯಬಹುದು. ಚಿಕಿತ್ಸೆ ಎಷ್ಟು ಫಲಿಸಿದೆ ಎಂಬುದನ್ನು ಗಮನಿಸಲು ಅದು ಉಪಯುಕ್ತ.

ಒಂದು ವ್ಯಾವಹಾರಿಕ ವಿಷಯ. ಎರಡನೆಯ ಚೂರಿನ ಪರೀಕ್ಷೆ ಎಲ್ಲ ಊರುಗಳಲ್ಲೂ ಇರುವುದಿಲ್ಲ. ಮಾದರಿ ಕೊರಿಯರ್‌ನಲ್ಲಿ ದೊಡ್ಡ ಊರಿಗೆ ಹೋಗಬೇಕಾಗಬಹುದು. ವಾರದ ಆರಂಭದಲ್ಲೇ ಬಯಾಪ್ಸಿ ಮಾಡಿಸಿದರೆ ಅದು ಭಾನುವಾರ ಯಾವುದೋ ಕಚೇರಿಯಲ್ಲಿ ಬಿದ್ದಿರುವುದು ತಪ್ಪುತ್ತದೆ. ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ಬಿಪಿ ಮಾತ್ರೆಗಳ ಹೆಸರನ್ನೂ ಹೇಳಿ. ಕ್ಯಾಪ್ಟೊಪ್ರಿಲ್, ಪೆನಿಸಿಲಮೈನ್‌ನಂತಹ ಕೆಲವು ಔಷಧಗಳಿಂದಲೂ ಪೆಂಫಿಗಸ್ ಹುಟ್ಟಿಕೊಳ್ಳುವುದುಂಟು.

ಇನ್ನು ಸ್ಟೀರಾಯ್ಡ್. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅದು ಆಧಾರವಿಲ್ಲದ್ದೂ ಅಲ್ಲ. ಆದರೂ ಇತಿಹಾಸವನ್ನು ನೋಡಿ: 1950ರ ಸುಮಾರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬರುವ ಮುಂಚೆ ಪೆಂಫಿಗಸ್ ವಲ್ಗ್ಯಾರಿಸ್ ಬಂದವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಂದು ಬಹುಪಾಲು ಮಂದಿ ಬದುಕುತ್ತಾರೆ, ಕೆಲಸಕ್ಕೆ ಮರಳುತ್ತಾರೆ. ಸಾಮಾನ್ಯವಾಗಿ ದೇಹತೂಕದ ಕಿಲೋಗೆ ಸುಮಾರು 1 ಮಿಲಿಗ್ರಾಂನಂತೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆರಂಭಿಸಿ, ಹೊಸ ಗುಳ್ಳೆ ಏಳುವುದು ನಿಂತು ಹಳೆಯವು ಮಾಯತೊಡಗಿದ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಸಕ್ಕರೆ, ರಕ್ತದೊತ್ತಡ ಏರಬಹುದು, ಮುಖ ಊದಬಹುದು, ಮೂಳೆ ಸವೆಯಬಹುದು, ಕಣ್ಣಿನ ಪೊರೆ ಬರಬಹುದು. ಇವುಗಳ ಮೇಲೆ ಕಣ್ಣಿಡಲೆಂದೇ ಪದೇ ಪದೇ ಪರೀಕ್ಷೆಗೆ ಕರೆಯುವುದು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡುವುದು. ನಾನು ನಿಜಕ್ಕೂ ಹೆದರುವುದು ಮಾತ್ರೆ ತೆಗೆದುಕೊಳ್ಳುವವರ ಬಗ್ಗೆ ಅಲ್ಲ, ಗಾಯ ಮಾಯಿತೆಂದು ಹೇಳದೆ ಕೇಳದೆ ನಿಲ್ಲಿಸುವವರ ಬಗ್ಗೆ. ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಸಹಜ ಸ್ಟೀರಾಯ್ಡ್ ಆದ ಕಾರ್ಟಿಸೋಲ್‌ನ ತಯಾರಿಕೆಯನ್ನು ತಗ್ಗಿಸಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು, ಜೊತೆಗೆ ರೋಗವೂ ಮರುಕಳಿಸುತ್ತದೆ.

ಸ್ಟೀರಾಯ್ಡ್‌ನ ಪ್ರಮಾಣ ಬೇಗ ಇಳಿಸಲೆಂದು ಜೊತೆಗೆ ಬೇರೆ ಔಷಧ ಕೊಡುತ್ತಾರೆ. ಈ ಪ್ರಯತ್ನದಲ್ಲಿ ಭಾರತದ ಪಾಲು ದೊಡ್ಡದು. ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರಿಚಾ ಅವರು 1980ರ ದಶಕದಲ್ಲಿ ರೂಪಿಸಿದ ಪಲ್ಸ್ ಚಿಕಿತ್ಸೆಯಲ್ಲಿ ತಿಂಗಳಿಗೊಮ್ಮೆ ಸತತ ಮೂರು ದಿನ 100 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಡ್ರಿಪ್‌ನಲ್ಲಿ, ಅದರಲ್ಲಿ ಒಂದು ದಿನ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಫಾಸ್ಫಮೈಡ್ 500 ಮಿಲಿಗ್ರಾಂ ಕೊಟ್ಟು, ನಡುವಿನ ದಿನಗಳಲ್ಲಿ ಸೈಕ್ಲೊಫಾಸ್ಫಮೈಡ್‌ನ ಸಣ್ಣ ಪ್ರಮಾಣವನ್ನು ಬಾಯಿಯ ಮೂಲಕ ಮುಂದುವರಿಸುತ್ತಿದ್ದರು. ದೇಶದಾದ್ಯಂತ ಅಸಂಖ್ಯ ರೋಗಿಗಳನ್ನು ಉಳಿಸಿದ ಕ್ರಮವಿದು. ಆದರೆ ಸೈಕ್ಲೊಫಾಸ್ಫಮೈಡ್ ಅಂಡಾಶಯಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳಿಗೆ ಬೇರೆ ಔಷಧ ಹುಡುಕುತ್ತೇವೆ.

ಈಗ ಹೆಚ್ಚು ಬಳಕೆಗೆ ಬಂದಿರುವುದು ರಿಟುಕ್ಸಿಮ್ಯಾಬ್. ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಲಿಂಫೋಸೈಟ್‌ಗಳನ್ನು ಅದು ತೊಡೆದುಹಾಕುತ್ತದೆ. ಸಾಮಾನ್ಯವಾಗಿ 1000 ಮಿಲಿಗ್ರಾಂನ ಎರಡು ಡ್ರಿಪ್‌ಗಳನ್ನು ಎರಡು ವಾರಗಳ ಅಂತರದಲ್ಲಿ ಕೊಡುತ್ತಾರೆ. 2017ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನವೊಂದರಲ್ಲಿ, ಎರಡು ವರ್ಷಗಳ ಕೊನೆಗೆ ಯಾವ ಚಿಕಿತ್ಸೆಯೂ ಇಲ್ಲದೆ ಸಂಪೂರ್ಣ ರೋಗಮುಕ್ತರಾಗಿದ್ದವರು, ಇದನ್ನು ಅಲ್ಪಾವಧಿಯ ಸ್ಟೀರಾಯ್ಡ್ ಜೊತೆ ಪಡೆದವರಲ್ಲಿ ಶೇಕಡ 89, ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ ಶೇಕಡ 34. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಈ ರೋಗಕ್ಕೆ ಅದನ್ನು ಅನುಮೋದಿಸಿತು. ಭಾರತದಲ್ಲೇ ತಯಾರಾಗುವ ಬಯೊಸಿಮಿಲರ್‌ಗಳಿಂದ (ಮೂಲ ಔಷಧವನ್ನೇ ಹೋಲುವ ಔಷಧಗಳು) ಬೆಲೆ ಇಳಿದಿದ್ದರೂ ಸಾಮಾನ್ಯ ಕುಟುಂಬಕ್ಕೆ ಇದು ಈಗಲೂ ಭಾರವೇ; ಆಸ್ಪತ್ರೆಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೌಂಟರ್‌ನಲ್ಲಿ ನೆರವು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಇದನ್ನು ಕೊಡುವ ಮುನ್ನ ಹೆಪಟೈಟಿಸ್ ಬಿ, ಎಚ್‌ಐವಿ ಮತ್ತು ಕ್ಷಯದ ಪರೀಕ್ಷೆ ಆಗಿರಬೇಕು, ಏಕೆಂದರೆ ಅಡಗಿ ಕುಳಿತ ಸೋಂಕು ಮತ್ತೆ ಕೆರಳಬಹುದು. ಪರಿಣಾಮ ಪೂರ್ತಿ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಸ್ಟೀರಾಯ್ಡ್ ಅನ್ನು ಪೂರ್ತಿ ತಪ್ಪಿಸಲಾಗದು, ಅದರ ಅವಧಿಯನ್ನು ಮೊಟಕುಗೊಳಿಸಬಹುದು.

ಮನೆಯ ಆರೈಕೆಗೆ ಔಷಧದಷ್ಟೇ ಬೆಲೆಯಿದೆ. ದೊಡ್ಡ ಗುಳ್ಳೆಯ ನೀರನ್ನು ಶುದ್ಧ ಸೂಜಿಯಿಂದ ದಾದಿಯರು ತೆಗೆಯಲಿ. ಮೇಲ್ಪೊರೆಯನ್ನು ಕೀಳಬೇಡಿ, ಗಾಯಕ್ಕೆ ಅದೇ ಹೊದಿಕೆ. ಹಸಿ ಗಾಯ ಹೆಚ್ಚಿದ್ದಾಗ ಹತ್ತಿ ಬೆಡ್‌ಶೀಟ್ ಮೈಗೆ ಅಂಟಿಕೊಂಡು, ಮಗ್ಗುಲು ಬದಲಿಸಿದಾಗಲೆಲ್ಲ ಚರ್ಮ ಕಿತ್ತು ಬರುತ್ತದೆ. ನಮ್ಮ ದೇಶದ ಅನೇಕ ವಾರ್ಡುಗಳಲ್ಲಿ ಶುದ್ಧೀಕರಿಸಿದ ಬಾಳೆ ಎಲೆಯ ಮೇಲೆ ಇಂಥ ರೋಗಿಗಳನ್ನು ಮಲಗಿಸುತ್ತಾರೆ. ಎಲೆ ನುಣುಪಾಗಿ, ತಂಪಾಗಿ ಇರುತ್ತದೆ, ಗಾಯಕ್ಕೆ ಅಂಟುವುದಿಲ್ಲ, ಯಾವ ಊರಿನಲ್ಲೂ ಸಿಗುತ್ತದೆ. ರಾತ್ರಿಯೆಲ್ಲ ನರಳಿದ ರೋಗಿ ಎಲೆಯ ಮೇಲೆ ಮಲಗಿದ ದಿನವೇ ನಿದ್ದೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಬಾಯಿಗೆ ಖಾರ, ಹುಳಿ, ಬಿಸಿ ಬೇಡ. ರಾಗಿ ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ಇಡ್ಲಿ ಸರಿಹೋಗುತ್ತವೆ. ಆದರೆ ಪಥ್ಯದ ಹೆಸರಿನಲ್ಲಿ ಬೇಳೆ, ಮೊಟ್ಟೆ, ಮೊಸರು ನಿಲ್ಲಿಸಬೇಡಿ. ಹಸಿ ಗಾಯಗಳಿಂದ ಪ್ರೋಟೀನ್ ಸೋರಿಹೋಗುತ್ತಿರುತ್ತದೆ, ಅದನ್ನು ಊಟದಲ್ಲೇ ತುಂಬಿಕೊಡಬೇಕು.

ಮಕ್ಕಳ ವಿಷಯ: ಇದು ಅಂಟುರೋಗವಲ್ಲ. ತಾಯಿಯವರಿಗೆ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಿ ಅವರ ಮನಸ್ಸು ನೋಯಿಸುವ ಕಾರಣವೇ ಇಲ್ಲ. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ಎಚ್‌ಎಲ್‌ಎ ವಂಶವಾಹಿಗಳು ಇರುವವರಲ್ಲಿ ಇದು ಹೆಚ್ಚು ಕಾಣಿಸುತ್ತದೆ ನಿಜ. ಆದರೆ ಆ ವಂಶವಾಹಿಗಳಿರುವ ಬಹುತೇಕರಿಗೆ ರೋಗ ಬರುವುದೇ ಇಲ್ಲ, ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದು ತೀರಾ ವಿರಳ. ನಿಮ್ಮ ಅಥವಾ ನಿಮ್ಮ ತಂಗಿಯ ಮದುವೆಯ ಮಾತುಕತೆಗೆ ಇದನ್ನು ಅಡ್ಡ ತರಬೇಕಾಗಿಲ್ಲ.

ಚಿಕಿತ್ಸೆ ಆರಂಭವಾದ ಮೇಲೆ ಜ್ವರ ಬಂದರೆ, ಗಾಯದಲ್ಲಿ ಕೀವು ಅಥವಾ ದುರ್ವಾಸನೆ ಕಂಡರೆ, ನೀರನ್ನೂ ನುಂಗಲಾಗದಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ; ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ದೊಡ್ಡ ಸೋಂಕಿಗೂ ಜ್ವರ ಸಣ್ಣದಾಗಿಯೇ ಕಾಣಿಸಬಹುದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಂದಿನಿಂದ ಎಂದು ಬರೆದ ಒಂದು ಚೀಟಿ ಅವರ ಪರ್ಸಿನಲ್ಲಿ ಸದಾ ಇರಲಿ, ಮತ್ತು ತುರ್ತು ವಿಭಾಗದ ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.