ಹೊಡೆದಾಟದ ಕೇಸಲ್ಲಿ ತಪ್ಪು ಒಪ್ಕೊಂಡು ದಂಡ ಕಟ್ಟಿ ಮುಗಿಸಿಬಿಡ್ಲಾ?

ಬೇಡ. ದಯವಿಟ್ಟು ಬೇಡ. ಸಣ್ಣ ಕೇಸು, ಮುಂದಿನ ವಾರ ಪ್ಲೀ (ಆರೋಪ ಓದಿ ಹೇಳಿ ಒಪ್ಕೋತೀರಾ ಅಂತ ಕೋರ್ಟ್ ಕೇಳೋ ಹಂತ) ಇದೆ, ಒಪ್ಕೊಂಡುಬಿಡ್ಲಾ ಅಂತ ಬರೆದಿದೀರಿ. ನಿಮ್ಮ ಎಫ್‌ಐಆರ್‌ನಲ್ಲಿರೋ ಕಲಂ 115(2), 126(2), 352, 351(2) ಸಹ ಕಲಂ 3(5) ಬಿಎನ್‌ಎಸ್ (ಈಗಿನ ಭಾರತೀಯ ನ್ಯಾಯ ಸಂಹಿತೆ) ಅನ್ನೋ ಸಾಲು ಓದಿ ನನಗೆ ಎದೆ ಧಸಕ್ಕಂತು. ನಂದೂ ಇದೇ ಸಾಲು, ನಂಬರ್ ಮಾತ್ರ ಹಳೇವು: 323, 341, 504, 506 ಸಹ ಕಲಂ 34 ಐಪಿಸಿ, ಅಂದ್ರೆ ಹಿಂದಿದ್ದ ಭಾರತೀಯ ದಂಡ ಸಂಹಿತೆ.

2012ರ ಮುಂಗಾರು, ಹಾವೇರಿ ಕಡೆ ನಮ್ಮೂರು. ಪಕ್ಕದ ಹೊಲದವರು ಟ್ರ್ಯಾಕ್ಟರ್ ಹೊಡೆಸುವಾಗ ಬದು ಕಡಿದು ನಮ್ಮ ಕಡೆ ಒಂದು ಮೊಳ ಒಳಗೆ ಬಂದಿದ್ರು, ನಾನೂ ನನ್ನ ತಮ್ಮನೂ ಕೇಳೋಕೆ ಹೋದ್ವಿ, ಮಾತಿಗೆ ಮಾತು ಬೆಳೀತು, ನಾನು ಕಪಾಳಕ್ಕೆ ಒಂದು ಕೊಟ್ಟೆ. ಕೊಟ್ಟಿದ್ದು ನಿಜ. ತಮ್ಮ ಕೈ ಎತ್ತಲಿಲ್ಲ, ಪಕ್ಕದಲ್ಲಿ ನಿಂತಿದ್ದ ಅಷ್ಟೆ. ಸಂಜೆಗೆ ದೂರು ಆಗಿತ್ತು: "ಅಡ್ಡಗಟ್ಟಿ ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿದ್ದು ಇರುತ್ತದೆ." ಆ ವಾಕ್ಯನ ಬಿಡಿಸಿ ನೋಡಿ, ಒಂದೊಂದು ಮಾತಿಗೆ ಒಂದೊಂದು ಸೆಕ್ಷನ್: ಅಡ್ಡಗಟ್ಟಿದ್ದಕ್ಕೆ 341, ಬೈದದ್ದಕ್ಕೆ 504, ಹೊಡೆದದ್ದಕ್ಕೆ 323, ಬೆದರಿಕೆಗೆ 506. ಬರೀ ಕೈಯಲ್ಲಿ ಹೊಡೆದದ್ದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಂಗಿಲ್ಲ, ಆದ್ರೆ "ಅಡ್ಡಗಟ್ಟಿ" ಅನ್ನೋದು ಸಂಜ್ಞೇಯ, ಅದೊಂದು ಸೇರಿದ್ರೆ ಇಡೀ ಕೇಸೇ ಸಂಜ್ಞೇಯ ಆಗಿ ನೇರ ಎಫ್‌ಐಆರ್. ಸುಮ್ನೆ ನಿಂತಿದ್ದ ತಮ್ಮನ್ನ 34 ಎಳ್ಕೊಂಡು ಬಂತು, ಸಮಾನ ಉದ್ದೇಶ ಅಂತ. ನಾನು ಎ1 (ಒಂದನೇ ಆರೋಪಿ), ಅವನು ಎ2.

ಚಾರ್ಜ್‌ಶೀಟ್ ಆಯ್ತು, ಜಾಮೀನಾಯ್ತು, ಆಮೇಲೆ ತಾರೀಖು ಶುರು. ಬೆಳಗ್ಗೆ ಬಸ್ ಹಿಡಿದು ಹೋಗೋದು, ಕೋರ್ಟ್ ಮುಂದಿನ ಹುಣಸೆಮರದ ಕೆಳಗೆ ಕೂರೋದು, ಹೆಸರು ಕೂಗಿದಾಗ ಓಡೋದು, ಮುಂದಿನ ತಿಂಗಳಿಗೆ ಅಂತ ವಾಪಸ್ ಬರೋದು. 2014ರಲ್ಲಿ ಪ್ಲೀ ದಿನ ಬಂತು. ತಮ್ಮನಿಗೆ ಅವತ್ತು ಬಿ.ಎಡ್ ಪರೀಕ್ಷೆ, ಬರಲಿಲ್ಲ. ಕಾರಿಡಾರಲ್ಲಿ ಪರಿಚಯದ ಒಬ್ಬರು "ಇದೇನು ಕೊಲೆ ಕೇಸಾ, ಒಪ್ಕೊಂಡು ದಂಡ ಕಟ್ಟಿ ಹೋಗಪ್ಪ" ಅಂದ್ರು. ನಮ್ಮ ವಕೀಲರು ಬೇರೆ ಕೋರ್ಟ್‌ನಲ್ಲಿದ್ರು, ನಾನು ಕಾಯಲಿಲ್ಲ. ಒಳಗೆ ಆರೋಪ ಓದಿ ಹೇಳಿ ಒಪ್ಕೋತೀರಾ ಅಂತ ಕೇಳಿದ್ರು, ನಾನು "ಹೌದು ಸ್ವಾಮಿ" ಅಂದೆ. 2,000 ರೂಪಾಯಿ ದಂಡ. ರಸೀದಿ ಜೇಬಿಗಿಟ್ಟು, ಬಸ್‌ಸ್ಟ್ಯಾಂಡಲ್ಲಿ ಮಿರ್ಚಿ ಮಂಡಕ್ಕಿ ತಿಂದು, ಎರಡು ವರ್ಷದ ಪೀಡೆ ಕಳೀತು ಅಂತ ಮನೆಗೆ ಬಂದೆ.

ಇಲ್ಲೇ ನಾನು ಹಾಳಾಗಿದ್ದು, ಇದನ್ನ ಎಷ್ಟು ಸಲ ಹೇಳಿದ್ರೂ ನನಗೆ ಸಾಲಲ್ಲ. ದಂಡ ಅಂದ್ರೆ ನನ್ನ ತಲೆಯಲ್ಲಿದ್ದದ್ದು ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲಿ ಕಟ್ಟೋ ದುಡ್ಡು. ಕೋರ್ಟಲ್ಲಿ ಹಾಗಲ್ಲ. ಐಪಿಸಿ 53ನೇ ಕಲಂ ಶಿಕ್ಷೆಗಳು ಯಾವ್ಯಾವು ಅಂತ ಹೇಳ್ತಿತ್ತು: ಮರಣದಂಡನೆ, ಜೀವಾವಧಿ, ಜೈಲು, ಆಸ್ತಿ ಮುಟ್ಟುಗೋಲು, ಜುಲ್ಮಾನೆ ಅಂದ್ರೆ ಇದೇ ದಂಡ. ಈಗಿನ ಬಿಎನ್‌ಎಸ್ 4ನೇ ಕಲಂನಲ್ಲೂ ಅದೇ ಪಟ್ಟಿ, ಸಮುದಾಯ ಸೇವೆ ಅನ್ನೋದೊಂದು ಹೊಸದಾಗಿ ಸೇರಿದೆ. ನೇಣು ಇರೋ ಪಟ್ಟಿಯಲ್ಲೇ ನನ್ನ 2,000 ರೂಪಾಯಿನೂ ಇದೆ. ಶಿಕ್ಷೆ ಕೊಡಬೇಕು ಅಂದ್ರೆ ಮೊದಲು ಅಪರಾಧಿ ಅಂತ ತೀರ್ಮಾನ ಆಗಬೇಕು, ಸಾಕ್ಷಿ ಇಲ್ಲ, ಪಾಟಿಸವಾಲಿಲ್ಲ, ನನ್ನ "ಹೌದು ಸ್ವಾಮಿ" ಮೇಲೇ ಆ ತೀರ್ಮಾನ ಆಗಿಹೋಯ್ತು. ಆರ್ಡರ್ ಶೀಟಲ್ಲಿ ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಸ್ವಇಚ್ಛೆಯಿಂದ ಒಪ್ಪಿಕೊಂಡಿದ್ದಾನೆ ಅಂತ ಬರೆದು ನನ್ನ ಸಹಿ. ಒಪ್ಕೊಂಡವನಿಗೆ ಅಪೀಲೂ ಇಲ್ಲ, ಶಿಕ್ಷೆ ಜಾಸ್ತಿ ಆಯ್ತು ಅಥವಾ ಕಾನೂನುಬಾಹಿರ ಅಂತ ಮಾತ್ರ ಹೋಗಬಹುದು, ತಪ್ಪೇ ಮಾಡಿಲ್ಲ ಅಂತ ಹೋಗಂಗಿಲ್ಲ.

2017ರಲ್ಲಿ ಒಂದು ಇಲಾಖೆಗೆ ಆಯ್ಕೆ ಆದೆ. ಪೊಲೀಸ್ ವೆರಿಫಿಕೇಶನ್ ಫಾರಂನಲ್ಲಿ ಯಾವುದೇ ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿದೆಯೇ ಅಂತ ಕೇಳಿತ್ತು. "ಇಲ್ಲ" ಅಂತ ಬರೆದೆ. ಸುಳ್ಳು ಹೇಳ್ತಿದೀನಿ ಅನ್ನೋ ಅರಿವೂ ನನಗಿರಲಿಲ್ಲ, ಕೇಸ್ ಮುಗಿದಿದೆ ಅಂತಲೇ ನಂಬಿದ್ದೆ. ವರದಿ ಬಂತು, ಮಾಹಿತಿ ಮುಚ್ಚಿಟ್ಟಿದ್ದಾನೆ ಅಂತ ಆಯ್ಕೆ ರದ್ದು. 2016ರ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು, ಕ್ಷುಲ್ಲಕ ಪ್ರಕರಣ ಆಗಿದ್ರೆ ಮುಚ್ಚಿಟ್ಟದ್ದನ್ನ ಇಲಾಖೆ ಮನ್ನಿಸಬಹುದು ಅಂದಿದೆ, ಅದನ್ನ ಹಾಕಿ ಮನವಿ ಕೊಟ್ಟೆ. ಮನ್ನಿಸಲೇಬೇಕು ಅಂತ ಇಲ್ವಲ್ಲ. ಮನ್ನಿಸಲಿಲ್ಲ.

ಇನ್ನು ತಮ್ಮನ ಕಥೆ ಕೇಳಿ. ಅವತ್ತು ಬರದೇ ಇದ್ದಿದ್ದಕ್ಕೆ ಅವನ ಕೇಸನ್ನ ಸ್ಪ್ಲಿಟ್ ಮಾಡಿದ್ರು, ಅಂದ್ರೆ ನನ್ನದರಿಂದ ಬೇರೆ ಮಾಡಿ ಇಟ್ರು. ಎಂಟು ತಿಂಗಳಾದ ಮೇಲೆ ಬದು ಸರಿಯಾಯ್ತು, ಪಕ್ಕದ ಹೊಲದವರು ಅವರ ಮನೆ ಮದುವೆಗೆ ನಮ್ಮನ್ನೂ ಕರೆದ್ರು, ಲೋಕ ಅದಾಲತ್‌ನಲ್ಲಿ ದೂರು ಕೊಟ್ಟವರೂ ತಮ್ಮನೂ ಸಹಿ ಹಾಕಿ ರಾಜಿ ಆದ್ರು. ರಾಜಿ ಆದ್ರೆ ಕಾನೂನಲ್ಲಿ ಅದು ಖುಲಾಸೆಗೆ ಸಮ. ಅದೇ ಜಗಳ, ಅದೇ ಎಫ್‌ಐಆರ್, ಅದೇ ಸೆಕ್ಷನ್, ಅವನು ಇವತ್ತು ಸರ್ಕಾರಿ ಶಾಲೆ ಮೇಷ್ಟ್ರು, ನಾನು ಬಾಡಿಗೆ ಗೂಡ್ಸ್ ಗಾಡಿ ಓಡಿಸ್ತಿದೀನಿ. ಅವನ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಆ ಪರೀಕ್ಷೆ ನನಗೂ ಇರಬಾರದಿತ್ತಾ ಅನ್ಸುತ್ತೆ.

ಅದಕ್ಕೇ ನಿಮ್ಮ "ಸಣ್ಣ ಕೇಸು" ಅನ್ನೋ ಮಾತನ್ನ ನಾನು ಒಪ್ಪಲ್ಲ. ಬೈದದ್ದಕ್ಕೆ ಹಾಕೋ 352ಕ್ಕೆ, ಬೆದರಿಕೆಗೆ ಹಾಕೋ 351(2)ಕ್ಕೆ ಎರಡು ವರ್ಷದ ತನಕ ಜೈಲಿದೆ, ಹೊಡೆದದ್ದಕ್ಕೆ ಹಾಕೋ 115(2)ಕ್ಕೆ ಒಂದು ವರ್ಷ ಅಥವಾ 10,000 ರೂಪಾಯಿ ತನಕ ದಂಡ, ಹಳೇ 323ರಲ್ಲಿ ಅದು 1,000 ಇತ್ತು. ದಂಡ ಕಟ್ಟೋದಾ ವಾದ ಮಾಡೋದಾ ಅಂತ ಎರಡೇ ದಾರಿ ಇಟ್ಕೊಂಡು ಕೂತಿದೀರಿ, ನಿಮ್ಮ ನಾಲ್ಕೂ ಸೆಕ್ಷನ್ ರಾಜಿ ಆಗುವಂಥವು, ಕೋರ್ಟಿನ ಅನುಮತಿನೂ ಬೇಕಿಲ್ಲ, ದೂರು ಕೊಟ್ಟವರು ಒಪ್ಪಿದ್ರೆ ಸಾಕು. ಅದನ್ನ ಯಾರೂ ನಿಮಗೆ ಹೇಳಿಲ್ಲ ಅನ್ಸುತ್ತೆ. ಅಹಂಕಾರ ಬಿಟ್ಟು ಊರಿನ ಹಿರಿಯರೊಬ್ಬರನ್ನ ಕರ್ಕೊಂಡು ಅವರ ಮನೆ ಬಾಗಿಲಿಗೆ ಹೋಗಿ, ಹೊಡೆದಿದ್ರೆ ಅಲ್ಲಿ ಕ್ಷಮೆ ಕೇಳಿ, ಕಟಕಟೆಯಲ್ಲಿ ಬೇಡ. ನೀವು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದ್ತಿದೀನಿ ಅಂತ ಬೇರೆ ಬರೆದಿದೀರಿ.

ಅವರು ಜಪ್ಪಯ್ಯ ಅಂದ್ರೂ ಒಪ್ಪದೆ, ಕೊನೆಗೆ ತಪ್ಪು ಸಾಬೀತಾಗೋದೇ ಗ್ಯಾರಂಟಿ ಅಂತ ಆದ್ರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಂತಿದೆ, ದಂಡದ ಬದಲು ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಬಾಂಡ್ ಬರೆಸ್ಕೊಂಡು ಬಿಡೋಕೆ ವಕೀಲರ ಹತ್ರ ಅರ್ಜಿ ಹಾಕಿಸಿ. ಶಿಕ್ಷೆಯಿಂದ ಬರೋ ಅನರ್ಹತೆ ಅಂಥವರಿಗೆ ಅಂಟಲ್ಲ ಅಂತ ಅದರ 12ನೇ ಕಲಂ ಹೇಳುತ್ತೆ. ನನಗೆ ಇದು ಗೊತ್ತಾಗಿದ್ದು ನೌಕರಿ ಹೋದ ಮೇಲೆ.

ಮುಂದಿನ ವಾರ ನಿಮ್ಮ ಪ್ಲೀ ಇದೆ ಅಂದ್ರಿ. ವಕೀಲರು ಬರೋದು ತಡ ಆದ್ರೆ "ಸ್ವಾಮಿ, ನಮ್ಮ ವಕೀಲರು ಬರೋವರೆಗೆ ಟೈಮ್ ಕೊಡಿ" ಅಂತ ಕೇಳಿ. ಆಗಲೂ ಕೇಳಿದ್ರೆ "ಒಪ್ಪಲ್ಲ ಸ್ವಾಮಿ" ಅಂತ ಹೇಳಿ, ಆಚೆ ಬಂದು ಅದೇ ಆವರಣದಲ್ಲಿರೋ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮುಂದಿನ ಲೋಕ ಅದಾಲತ್ ಯಾವತ್ತು ಅಂತ ವಿಚಾರಿಸಿ.