ಭತ್ತದ ಹುಲ್ಲಿನ ಲಿಗ್ನಿನ್ ಜಾಸ್ತಿ ಬಂತಾ? ಶೇಷವನ್ನು ಸುಟ್ಟು ನೋಡಿ

ಭತ್ತದ ಹುಲ್ಲಿನಲ್ಲಿ ಲಿಗ್ನಿನ್ (ಗಿಡಕ್ಕೆ ಗಟ್ಟಿತನ ಕೊಡುವ ವಸ್ತು) ಶೇ 29 ಬಂದಿದೆ, ಆಸಿಡ್‌ನಲ್ಲಿ ಕರಗದೆ ಉಳಿದದ್ದನ್ನು ತೂಗುವ ಕ್ಲಾಸನ್ ವಿಧಾನ ಬಿಟ್ಟು, ಲಿಗ್ನಿನ್ನನ್ನೇ ಕರಗಿಸಿ ಬೆಳಕಿನಿಂದ ಅಳೆಯುವ ಅಸಿಟೈಲ್ ಬ್ರೋಮೈಡ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ವಿಧಾನ ಸರಿಯಾಗಿಯೇ ಇದೆ, ಲೆಕ್ಕ ಅರ್ಧಕ್ಕೇ ನಿಂತಿದೆ ಅಷ್ಟೇ.

ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನನಗೆ ಶೇ 27 ಬಂದಿತ್ತು. ಮಂಡ್ಯ ಕಡೆಯ ಹುಲ್ಲು. ಅದರ ಪುಡಿಯನ್ನು ಸಾಕ್ಸ್‌ಲೆಟ್ ಎಂಬ ಉಪಕರಣದಲ್ಲಿ ನೀರು, ಎಥನಾಲ್‌ನಿಂದ ತೊಳೆದಿದ್ದೆ. 300 ಮಿಲಿಗ್ರಾಂಗೆ 3 ಮಿ.ಲೀ. ಶೇ 72ರ ಸಲ್ಫ್ಯೂರಿಕ್ ಆಸಿಡ್, 30 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ 84 ಮಿ.ಲೀ. ನೀರು ಸೇರಿಸಿ 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ ಇನ್ನೊಂದು ಗಂಟೆ. ಸೋಸಿದಾಗ ಕಾಫಿ ಚರಟದಂಥ ಶೇಷ ಉಳಿಯಿತು. 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ 81 ಮಿಲಿಗ್ರಾಂ. ಅಷ್ಟೂ ಲಿಗ್ನಿನ್ ಅಂತ ಬರೆದುಬಿಟ್ಟೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಸುಟ್ಟು ನೋಡಿದ್ಯೇನಮ್ಮಾ?"

ಸುಟ್ಟಿರಲಿಲ್ಲ. ಆಸಿಡ್‌ಗೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಕರಗಿ ಸಕ್ಕರೆಯಾಗುತ್ತವೆ, ಲಿಗ್ನಿನ್ ಕರಗಲ್ಲ. ಸಿಲಿಕಾನೂ (ಮರಳಿನಲ್ಲಿರುವ ಖನಿಜ) ಕರಗಲ್ಲ! ಭತ್ತದ ಹುಲ್ಲಿನ ತುಂಬಾ ಅದೇ ಇರುವುದು. ಶೇಷವನ್ನು ಮಫಲ್ ಫರ್ನೇಸ್ ಎಂಬ ಕುಲುಮೆಯಲ್ಲಿ 575 ಡಿಗ್ರಿಗೆ ಸುಟ್ಟರೆ ಲಿಗ್ನಿನ್ ಹೋಗುತ್ತದೆ, ಸಿಲಿಕಾ ಬೂದಿಯಾಗಿ ಕೂತಿರುತ್ತದೆ. ಆ ಬೂದಿಯ ತೂಕ ಕಳೆಯಬೇಕು. ನಾನು ಸೋಸಿದ್ದು ಮಾಮೂಲಿ ಫಿಲ್ಟರ್ ಪೇಪರ್‌ನಲ್ಲಿ, ತೂಕ ಆದಮೇಲೆ ಎಲ್ಲವನ್ನೂ ಎಸೆದಿದ್ದೆ. ಸುಡೋಣವೆಂದರೆ ಏನಿದೆ? ಎಲ್ಲ ಸ್ಯಾಂಪಲ್‌ಗಳನ್ನೂ ಮೊದಲಿನಿಂದ ಮಾಡಬೇಕಾಯಿತು, ಒಂದು ಸೆಮಿಸ್ಟರ್ ಹೋಯಿತು. ಎರಡನೇ ಸಲ 81ರಷ್ಟೇ ಬಂದ ಶೇಷದಲ್ಲಿ 36 ಮಿಲಿಗ್ರಾಂ ಬೂದಿ, ಬೆಳ್ಳಗೆ ಕ್ರೂಸಿಬಲ್ (ಶಾಖ ತಡೆಯುವ ಪುಟ್ಟ ಬಟ್ಟಲು) ತಳದಲ್ಲಿ. ಲಿಗ್ನಿನ್ ಶೇ 15ಕ್ಕೆ ಇಳಿಯಿತು.

ಹಾಗಾಗಿ ಫರ್ನೇಸ್‌ಗೆ ಹಾಗೇ ಇಡಬಹುದಾದ ಪೋರ್ಸಲಿನ್ ಫಿಲ್ಟರ್ ಕ್ರೂಸಿಬಲ್‌ನಲ್ಲೇ ಸೋಸಿ. ಖಾಲಿ ಇರುವಾಗಲೇ ಅದನ್ನು 575ರಲ್ಲಿ ಕಾಯಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ಆರಿಸಿ, ತೂಕ ಬರೆದಿಡಿ. ಬಿಸಿ ಇರುವಾಗ ತೂಗಿದರೆ ಬ್ಯಾಲೆನ್ಸ್ ಸುಳ್ಳು ಹೇಳುತ್ತದೆ.

ಅಸಿಟೈಲ್ ಬ್ರೋಮೈಡ್‌ಗೆ ಸಿಲಿಕಾ ಕಾಟ ಇಲ್ಲ, ನಿಜ. ಆದರೆ 280 ನ್ಯಾನೋಮೀಟರ್‌ನ ಯುವಿ (ನೇರಳಾತೀತ) ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂಬ ರೀಡಿಂಗ್ ಅನ್ನು ಲಿಗ್ನಿನ್ ಪ್ರಮಾಣಕ್ಕೆ ತಿರುಗಿಸುವ ಗುಣಾಂಕ ಗಿಡದಿಂದ ಗಿಡಕ್ಕೆ ಬೇರೆ. ಸುಮ್ನೆ ಯಾವುದೋ ಪೇಪರಿನದ್ದು ಹಾಕಿಕೊಂಡರೆ ಮತ್ತೆ ಇದೇ ಕಥೆ. ಜೊತೆಗೆ ಅಸಿಟೈಲ್ ಬ್ರೋಮೈಡ್‌ನ ಘಾಟು ಹೊಗೆ ಬೇರೆ!

ಸೋಸಿದ ನೀರನ್ನೂ ಚೆಲ್ಲಬೇಡಿ. ಆಸಿಡ್‌ನಲ್ಲಿ ಕರಗುವ ಸ್ವಲ್ಪ ಲಿಗ್ನಿನ್ ಅದರಲ್ಲಿದೆ, 6 ಗಂಟೆಯೊಳಗೆ ಯುವಿಯಲ್ಲಿ ನೋಡಿ. ಬೂದಿ ಕಳೆದ ಮೇಲೂ ಶೇ 20 ದಾಟಿದರೆ ಶೇಷದ ನೈಟ್ರೋಜನ್ ಅಳೆಸಿ, ನೈಟ್ರೋಜನ್ ಇರುವ ಪ್ರೋಟೀನ್ ಅದರಲ್ಲಿ ಸೇರಿಕೊಂಡಿರಬಹುದು.